ಮುಷ್ಕರಕ್ಕೆ ಕೂತ ಗಂಡ, ಲೆಕ್ಕ ಹಾಕುವ ಹೆಂಡತಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೊಪ್ಪಳ ತಾಲ್ಲೂಕಿನ ದಂಪತಿ. ಗಂಡ ಸ್ಪಾಂಜ್ ಐರನ್ (ಉಕ್ಕು ಮಾಡಲು ಬಳಸುವ ಕಬ್ಬಿಣ) ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮುಷ್ಕರ ಶುರುವಾಗಿ ಮೂರು ವಾರ ಆಗಿತ್ತು. ಮೊದಲು ಆಕೆ ಒಬ್ಬರೇ ನನ್ನ ಹತ್ತಿರ ಸಲಹೆ ಕೇಳಲು ಬಂದರು.

"ಮೇಡಂ, ನಮ್ಮ ಮನಿಯವ್ರಿಗೆ ಲೆಕ್ಕ ಬರೂದಿಲ್ಲೇನ್ರಿ? ಅವ್ರು ಕೇಳೋ ಓಟಿ (ಓವರ್‌ಟೈಮ್) ರೊಕ್ಕ ಪೂರಾ ಬಂದ್ರೂ ಈಗ ಹೋಗಿದ್ದು ತುಂಬಾಕ ವರ್ಷ ಬೇಕು. ಸ್ವಸಹಾಯ ಸಂಘದ ಸಾಲದ ಕಂತು ಬಾಕಿ ಐತಿ. ಮಗಳ ಫೀ ಕಟ್ಟಿಲ್ಲ. ಮಕ್ಳ ಮ್ಯಾಲೆ ಪ್ರೀತಿ ಇದ್ರ ಹಿಂಗ ಟೆಂಟಿನ್ಯಾಗ ಕುಂಡರ್ತಿದ್ರೇನು?"

ರೊಕ್ಕದ ಮಟ್ಟಿಗೆ ನಿಮ್ಮ ಲೆಕ್ಕ ಸರಿ ಇದೆ ಎಂದೆ. ಗಂಡನನ್ನೂ ಕರೆತರಲು ಹೇಳಿದೆ.

ಗಂಡ ಒಲ್ಲದ ಮನಸ್ಸಿನಿಂದಲೇ ಬಂದು ವಿಷಯ ಹೇಳಿದರು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಕೊಡಬೇಕು ಅಂತ ಕಾನೂನು 1948ರಿಂದಲೂ ಹೇಳುತ್ತಿದೆ. ಇವರಿಗೆ ಅದು ಸಿಕ್ಕಿಲ್ಲ, ಆದರೂ ಎಷ್ಟೋ ವರ್ಷ ಸುಮ್ನೆ ಇದ್ದರು. ಒಂದು ರಾತ್ರಿ ಪಾಳಿಯಲ್ಲಿ ಕಿಲ್ನ್ (ಕುಲುಮೆ) ಹತ್ತಿರ ಹುಡುಗನೊಬ್ಬನ ಕೈ ಸುಟ್ಟಿತು. ಗುತ್ತಿಗೆದಾರನ ಕಡೆಯವನು ಪಾಳಿ ಮುಗಿಯಲಿ, ಆಮೇಲೆ ಗಾಡಿ ಕಳಿಸೋಣ ಅಂದ. ಅದಾದ ಮೇಲೆ ಯೂನಿಯನ್ ಮುಷ್ಕರದ ನೋಟಿಸ್ ಕೊಟ್ಟಿತು.

"ಇವತ್ತ ನಾನೊಬ್ಬನ ಒಳಗ ಹೋದ್ರ ಆ ಹುಡುಗನ ಮಾರಿ ಹೆಂಗ ನೋಡ್ಲಿ ಮೇಡಂ?"

ಹೆಂಡತಿ ಈ ಮಾತನ್ನು ಮೊದಲ ಸಲ ಕೇಳಿದ್ದು ನನ್ನ ಕೋಣೆಯಲ್ಲೇ. ಮನೆಯಲ್ಲಿ ಅವರು ಹೇಳಿದ್ದು ಬರೀ ಓಟಿ ರೊಕ್ಕದ ವಿಷಯ.

ಕೂಲಿ ಕಡಿಮೆ ಅಂತ ಜನ ವರ್ಷಗಟ್ಟಲೆ ಸಹಿಸುತ್ತಾರೆ. ತಮ್ಮ ಜೀವಕ್ಕೆ ಬೆಲೆಯೇ ಇಲ್ಲ ಅನ್ನಿಸಿದ ದಿನ ಎದ್ದು ನಿಲ್ಲುತ್ತಾರೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದದ್ದು ಕೂಲಿ ಹೆಚ್ಚಿಸಿ ಅಂತ ಕೇಳಲು ಅಲ್ಲ. ತಮ್ಮ ಪಿಎಫ್ ಹಣ ತಮಗೆ ಬೇಕಾದಾಗ ತೆಗೆಯಲು ಬಿಡದ ಹೊಸ ನಿಯಮದ ವಿರುದ್ಧ. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ಪಡೆಯಿತು. 1982ರ ಮುಂಬೈ ಬಟ್ಟೆ ಗಿರಣಿ ಮುಷ್ಕರದ ಕಥೆ ಬೇರೆ. ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು, ಎಷ್ಟೋ ಜನಕ್ಕೆ ಕೆಲಸ ಮತ್ತೆ ಸಿಗಲೇ ಇಲ್ಲ. ಎರಡನ್ನೂ ಅವರ ಮುಂದೆ ಇಟ್ಟೆ. ಭರವಸೆ ಮಾತ್ರ ಹೇಳಿದರೆ ಅನ್ಯಾಯ, ಅಲ್ವಾ?

ಮುಷ್ಕರ ಬಿಡಿ ಅಂತಲೂ ಹೇಳಲಿಲ್ಲ, ಮುಂದುವರಿಸಿ ಅಂತಲೂ ಹೇಳಲಿಲ್ಲ. ಗೇಟಿನ ಮುಂದೆ ಜೊತೆಗಾರರನ್ನು ಕೇಳಿ ತೀರ್ಮಾನ ಮಾಡಿದಿರಿ, ಅದರ ಅರ್ಧ ಭಾರ ಹೊತ್ತವರನ್ನು ಕೇಳಲೇ ಇಲ್ಲ ಅಂತ ಗಂಡನಿಗೆ ನೇರವಾಗಿ ಹೇಳಿದೆ. ಅವರು ತಲೆ ತಗ್ಗಿಸಿದರು. "ಹೆದರ್ತಾಳ ಅಂತ ಹೇಳ್ಲಿಲ್ರಿ." ನನ್ನ ಮಟ್ಟಿಗೆ ಈ ಮನೆಯ ಜಗಳದ ಬೇರು ಇದೇ.

ಮುಷ್ಕರದಲ್ಲಿ ಎಲ್ಲಿಯವರೆಗೆ ಇರಬೇಕು ಅಂತ ಇಬ್ಬರೂ ಕೂತು ಒಂದು ತಾರೀಖು ಗೊತ್ತುಮಾಡಿ ಅಂದೆ. ಅಲ್ಲಿಯವರೆಗೆ ಮನೆ ಹೇಗೆ ನಡೆಯುತ್ತದೆ, ಆಮೇಲೆ ಏನು ಅಂತ ಹಾಳೆಯ ಮೇಲೆ ಬರೆಯಿರಿ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದಿನಗೂಲಿ ಸಿಕ್ಕರೆ ಹೋಗಿ, ಅದರಿಂದ ಜೊತೆಗಾರರಿಗೆ ದ್ರೋಹ ಆಗುವುದಿಲ್ಲ. ಮೀಟರ್ ಬಡ್ಡಿಗೆ ಮಾತ್ರ ಕೈ ಹಾಕಬೇಡಿ. ಸಂಘದವರು ಮನೆಗೆ ಬರುವ ಮುಂಚೆ ನೀವೇ ಸಭೆಗೆ ಹೋಗಿ ಕಂತಿಗೆ ಸಮಯ ಕೇಳಿ.

ಕಾನೂನಿನ ವಿಷಯವನ್ನು ಯೂನಿಯನ್‌ನವರ ಹತ್ತಿರ ಕೇಳಿಕೊಳ್ಳಲು ಹೇಳಿದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ನೋಟಿಸ್ ಕೊಟ್ಟು 14 ದಿನ ಕಾಯಬೇಕು. ರಾಜಿ ಸಂಧಾನ ನಡೆಯುತ್ತಿರುವಾಗ ಮುಷ್ಕರ ಮಾಡುವಂತಿಲ್ಲ. ಈಗ ಸಂಧಾನ ಯಾವ ಹಂತದಲ್ಲಿದೆ ಅಂತ ತಿಳಿಯದೆ ಟೆಂಟಿನಲ್ಲಿ ಕೂರುವುದು ಅಪಾಯ. ಹಾಜರಿ ಚೀಟಿ, ಸಂಬಳದ ಚೀಟಿ ಮನೆಯಲ್ಲಿ ಜೋಪಾನವಾಗಿರಲಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ, ಗುತ್ತಿಗೆದಾರ ಎಷ್ಟೇ ಸಿಹಿಯಾಗಿ ಮಾತಾಡಿದರೂ.

ಹೆಂಡತಿ ಆಮೇಲೊಂದು ಸಲ ಟೆಂಟಿಗೆ ಹೋಗಿ ಬಂದರಂತೆ. ಮುಷ್ಕರದ ಮೇಲಿನ ಸಿಟ್ಟು ಅವರಿಗೆ ಇನ್ನೂ ಇದೆ. ಇರಲಿ, ಆ ಸಿಟ್ಟಿಗೆ ಕಾರಣವಿದೆ. ತಾರೀಖು ಮಾತ್ರ ಇಬ್ಬರೂ ಸೇರಿ ಗೊತ್ತುಮಾಡಿದ್ದಾರೆ. ಅದಕ್ಕೂ ಮುಂಚೆ ಒಟ್ಟಿಗೇ ಇನ್ನೊಮ್ಮೆ ಬನ್ನಿ ಅಂತ ಹೇಳಿ ಕಳಿಸಿದ್ದೇನೆ.