ಪಲ್ಪರ್ ಮನೆಯಲ್ಲಿ ಜಾರಿ ಬಿದ್ದರೆ ತಪ್ಪು ಯಾರದು?

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿ (ಕೆಲಸದವರ ಸಾಲು ಮನೆ) ಇದ್ದೇವೆ. ಪಲ್ಪರ್ ಮನೆಯಲ್ಲಿ ಹಣ್ಣು ಪಲ್ಪಿಂಗ್ ಮಾಡುವಾಗ, ಅಂದರೆ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ, ನನ್ನ ಹೆಂಡತಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದು, ಆಪರೇಷನ್ ಆಯ್ತು. ಮೂರು ತಿಂಗಳು ಕೆಲಸ ಮಾಡಬಾರದಂತೆ. ಸಾಹುಕಾರರು ಐದು ಸಾವಿರ ಕೊಟ್ಟು ‘ನೋಡ್ಕೊಂಡು ನಡೀಬೇಕಿತ್ತು’ ಅಂದರು. ಇನ್ನೇನಾದರೂ ಕೇಳಬಹುದಾ? ಅವಳನ್ನು ಎತ್ತಿ ಜೀಪಿನಲ್ಲಿ ಕೂರಿಸಿದ್ದು ತಪ್ಪಾಯ್ತಾ?

ಉತ್ತರ: ಖಂಡಿತ ಕೇಳಿ ಅಣ್ಣ. ‘ನೋಡ್ಕೊಂಡು ನಡೀಬೇಕಿತ್ತು’ ಅನ್ನುವ ಮಾತು ಕೇಳಿ ನನಗೆ ನಿಜಕ್ಕೂ ಬೇಜಾರಾಯ್ತು. ಸಿಪ್ಪೆ ಬಿಡಿಸಿದ ಕಾಫಿ ಬೀಜದ ಲೋಳೆ ಎಷ್ಟು ಜಾರುತ್ತೆ ಅಂತ ಪಲ್ಪರ್ ಹತ್ತಿರ ನಿಂತವರಿಗೆಲ್ಲ ಗೊತ್ತು, ಸುಮ್ನೆ ನೀರು ಹೊಡೆದರೆ ಅದು ನೆಲದ ತುಂಬಾ ಹರಡುತ್ತೆ ಅಷ್ಟೆ. ಬ್ರಷ್ ಹಾಕಿ ಉಜ್ಜಿಸಬೇಕು, ನೀರು ನಿಲ್ಲದ ಹಾಗೆ ಚರಂಡಿ ಇರಬೇಕು, ನೆಲ ತರಿತರಿಯಾಗಿರಬೇಕು, ಹಿಡಿತವಿರುವ ಗಂಬೂಟು ಕೊಡಬೇಕು. ಇದೆಲ್ಲ ಕೆಲಸ ಮಾಡಿಸುವವರ ಜವಾಬ್ದಾರಿ, ಅಲ್ವಾ?

ಕೆಲಸದಲ್ಲಿ ಆದ ಪೆಟ್ಟಿಗೆ ಮಾಲೀಕರು ಪರಿಹಾರ ಕೊಡಬೇಕು ಅನ್ನುವ ಕಾನೂನು ನಮ್ಮಲ್ಲಿ 1923ರಲ್ಲೇ ಬಂತು. ಸ್ವಲ್ಪ ಎಚ್ಚರ ತಪ್ಪಿದ್ದಕ್ಕೆ ಆ ಹಕ್ಕು ಹೋಗುವುದಿಲ್ಲ. ಆಸ್ಪತ್ರೆ ಖರ್ಚು ಕೇಳಬಹುದು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ 15 ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ ಸಿಗಬೇಕು. ಕಾಲಿನ ಊನ ಕಾಯಂ ಆಗಿ ಉಳಿದರೆ ಅದರ ಲೆಕ್ಕ ಬೇರೆ. ಅರ್ಜಿಗೆ 2 ವರ್ಷದ ಗಡುವು ಇದೆ, ಆದರೆ ಅಷ್ಟು ದಿನ ಕಾಯಬೇಡಿ, ನೋಡಿದವರು ಬೇರೆ ತೋಟಕ್ಕೆ ಹೋಗಿಬಿಡುತ್ತಾರೆ. ಪೆಟ್ಟು ಕೆಲಸದ ಜಾಗದಲ್ಲೇ ಆಯ್ತು ಅಂತ ಆಸ್ಪತ್ರೆ ಚೀಟಿಯಲ್ಲಿ ಬರೆದಿದೆಯಾ ನೋಡಿ. ಸಂಬಳದ ಚೀಟಿ, ಬಿಲ್ಲು ಎಲ್ಲ ಜೋಪಾನ. ‘ಎಲ್ಲ ಇತ್ಯರ್ಥ ಆಯ್ತು’ ಅನ್ನುವ ಕಾಗದಕ್ಕೆ ಮಾತ್ರ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಬೇಡಿ. ವಕೀಲರ ಫೀಸಿನ ಚಿಂತೆ ಬೇಡ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಪುಕ್ಕಟೆ ವಕೀಲರನ್ನು ಕೊಡುತ್ತಾರೆ.

ಜೀಪಿನ ವಿಷಯಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ, ಆ ಗಾಬರಿಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ಲೈನಿನಲ್ಲಿ ಎಲ್ಲರಿಗೂ ಹೇಳಿ: ಬಿದ್ದವರಿಗೆ ಸೊಂಟ, ಬೆನ್ನು, ಕುತ್ತಿಗೆ ನೋವಿದ್ದರೆ ಕೈ ಹಿಡಿದು ಎಬ್ಬಿಸಬಾರದು, ಕೂರಿಸಬಾರದು. ಬಿದ್ದಲ್ಲೇ ಅಲುಗಾಡದಂತೆ ಮಲಗಿಸಿ, ಕಂಬಳಿ ಹೊದಿಸಿ 108ಕ್ಕೆ ಫೋನ್ ಮಾಡಿ. ತೋಟದ ಒಳಗೆ ನೆಟ್‌ವರ್ಕ್ ಸಿಗದಿದ್ದರೆ ಒಬ್ಬರು ರಸ್ತೆಗೆ ಓಡಲಿ, ಇನ್ನೊಬ್ಬರು ಅವರ ಪಕ್ಕದಲ್ಲೇ ಕೂತಿರಲಿ.