ಎರಡು ನಿಮಿಷ ಓಡಿ ನಿಂತೋಗೋ ಬಿಸಿಗಾಳಿ ಎಂಜಿನ್

ಪ್ರಶ್ನೆ: ಸರ್, ಮನೇಲಿರೋ ಸಣ್ಣ ಲೇತ್‌ನಲ್ಲೇ ಒಂದು ಹಾಟ್ ಏರ್ ಎಂಜಿನ್ ಮಾಡಿದೀನಿ, ಸ್ಟರ್ಲಿಂಗ್ ಗಾಮಾ ಟೈಪು, ಡಿಸ್‌ಪ್ಲೇಸರ್‌ಗೆ (ಒಳಗಿನ ಗಾಳಿನ ಬಿಸಿ ತುದಿಗೂ ತಂಪು ತುದಿಗೂ ಅತ್ತಿತ್ತ ತಳ್ಳೋ ಭಾಗ) ಒಂದು ಸಿಲಿಂಡರ್, ಚಕ್ರ ತಿರುಗಿಸೋ ಪವರ್ ಪಿಸ್ಟನ್‌ಗೆ ಇನ್ನೊಂದು. ಪಿಸ್ಟನ್ 20 ಮಿ.ಮೀ. ಅಲ್ಯೂಮಿನಿಯಂ, ಅದರ ಸಿಲಿಂಡರ್ ಸ್ಟೀಲು. ಸ್ಪಿರಿಟ್ ದೀಪ ಹಚ್ಚಿ ಫ್ಲೈವೀಲ್ ತಳ್ಳಿದ್ರೆ ಚೆನ್ನಾಗಿ ಶುರುವಾಗುತ್ತೆ, ಎರಡು ನಿಮಿಷ ಆದ್ಮೇಲೆ ನಿಧಾನ ಆಗ್ತಾ ನಿಂತೋಗುತ್ತೆ. ಉರಿ ಜಾಸ್ತಿ ಮಾಡಿದ್ರೆ ಇನ್ನೂ ಬೇಗ ನಿಲ್ಲುತ್ತೆ! ತಣ್ಣಗಾದ್ಮೇಲೆ ಮತ್ತೆ ಓಡುತ್ತೆ. ಎಲ್ಲಿ ಗಾಳಿ ಸೋರ್ತಿದೆ ಅಂತ ಹುಡುಕಿ ಹುಡುಕಿ ಸಾಕಾಯ್ತು.

ಉತ್ತರ: ಸೋರಿಕೆ ಹುಡುಕೋದು ಸದ್ಯಕ್ಕೆ ಬಿಡಿ. ಸೋರೋ ಎಂಜಿನ್ ಮೊದಲ ನಿಮಿಷದಿಂದಲೇ ಸೊರಗಿರುತ್ತೆ, ನಿಮ್ಮದು ಶುರುವಲ್ಲಿ ಚೆನ್ನಾಗಿ ಓಡ್ತಿದೆ ಅಂದ್ರೆ ಫಿಟ್ಟಿಂಗ್ ತಕ್ಕಮಟ್ಟಿಗೆ ಸರಿಯಾಗೇ ಇದೆ. ಮುಂದಿನ ಸಲ ಅದು ನಿಂತ ಕೂಡಲೇ, ದೀಪ ಆರಿಸದೇ, ಫ್ಲೈವೀಲ್ ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ತಣ್ಣಗಾಗೋಕೆ ಬಿಟ್ರೆ ಸಾಕ್ಷಿ ಮಾಯ.

ತಿರುಗಿಸೋಕೆ ಬಿಗಿ ಅನಿಸಿದ್ರೆ ಪಿಸ್ಟನ್ ಹಿಡ್ಕೊಳ್ತಿದೆ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗೋದು ಸ್ಟೀಲಿನ ಹೆಚ್ಚುಕಮ್ಮಿ ಎರಡರಷ್ಟು. 20 ಮಿ.ಮೀ. ಪಿಸ್ಟನ್ 50 ಡಿಗ್ರಿ ಬಿಸಿ ಏರಿದ್ರೆ ಸುಮಾರು 0.023 ಮಿ.ಮೀ. ದಪ್ಪ ಆಗುತ್ತೆ, ಅಷ್ಟೇ ಬಿಸಿಯಾದ ಸ್ಟೀಲ್ ಬೋರ್ (ಸಿಲಿಂಡರ್ ಒಳಗಿನ ತೂತು) ದೊಡ್ಡದಾಗೋದು 0.012 ಅಷ್ಟೇ. ನೀವು ಕಷ್ಟಪಟ್ಟು ಲ್ಯಾಪ್ ಮಾಡಿ (ನುಣ್ಣಗೆ ಉಜ್ಜಿ ಕೂರಿಸಿ) ನೂರನೇ ಒಂದು ಮಿ.ಮೀ. ಸಂದು ಇಟ್ಟಿದ್ರೆ ಅದು ಅಲ್ಲಿಗೇ ಖಲಾಸ್. ಅದೂ ಅಲ್ದೆ ಸಿಲಿಂಡರ್‌ಗೆ ಹೊರಗಿನ ಗಾಳಿ ತಾಗುತ್ತೆ, ಒಳಗಿರೋ ಪಿಸ್ಟನ್‌ಗೆ ಬಿಸಿ ಬಿಡೋಕೆ ಅಷ್ಟು ಜಾಗ ಇಲ್ಲ, ಹಾಗಾಗಿ ಅದೇ ಹೆಚ್ಚು ಬಿಸಿಯಾಗುತ್ತೆ. ಗ್ರಾಫೈಟ್ ಪಿಸ್ಟನ್ ಹಾಕಿ, ಕಮ್ಮಿ ಹಿಗ್ಗುತ್ತೆ, ಎಣ್ಣೆನೂ ಬೇಡ. ಗ್ರಾಫೈಟ್ ಸಿಗದಿದ್ರೆ ಬೀಡು ಕಬ್ಬಿಣ ಆಗುತ್ತೆ. ಓ-ರಿಂಗ್ (ರಬ್ಬರ್ ಉಂಗುರ) ಹಾಕೋ ಯೋಚನೆ ಮಾತ್ರ ಮಾಡ್ಬೇಡಿ, ಇಷ್ಟು ಚಿಕ್ಕ ಎಂಜಿನ್ ಕೊಡೋ ಶಕ್ತಿಯೆಲ್ಲ ಅದರ ಉಜ್ಜಾಟಕ್ಕೇ ಹೋಗುತ್ತೆ.

ಚಕ್ರ ಸಲೀಸಾಗಿ ತಿರುಗ್ತಿದೆ ಆದ್ರೆ ಒದೆತ ಇಲ್ಲ ಅಂದ್ರೆ ತಣ್ಣಗಿರಬೇಕಾದ ತುದಿ ಬಿಸಿಯಾಗಿದೆ. ಅಲ್ಲಿ ಒದ್ದೆ ಬಟ್ಟೆ ಸುತ್ತಿ (ಕೈ ಸುಟ್ಕೋಬೇಡಿ), ಮತ್ತೆ ಓಡಿದ್ರೆ ಇದೇ ಕಾಯಿಲೆ. ಈ ಎಂಜಿನ್‌ಗೆ ಬೇಕಾಗಿರೋದು ಎರಡು ತುದಿಗಳ ನಡುವಿನ ವ್ಯತ್ಯಾಸ. ಬಿಸಿ ತುದಿ 300 ಡಿಗ್ರಿ, ತಂಪು ತುದಿ 30 ಇದ್ದಾಗ ಲೆಕ್ಕದ ಪ್ರಕಾರ ಸಿಗಬಹುದಾದ ದಕ್ಷತೆ ಹೆಚ್ಚೆಂದ್ರೆ 47 ಪರ್ಸೆಂಟ್, ತಂಪು ತುದಿ 100 ಮುಟ್ಟಿದ್ರೆ 35ಕ್ಕೆ ಬೀಳುತ್ತೆ, ಮಾದರಿ ಎಂಜಿನ್‌ಗೆ ಸಿಗೋದು ಅದರಲ್ಲಿ ಒಂದು ಚೂರು, ಅದನ್ನೂ ಉಜ್ಜಾಟ ತಿಂದು ಮುಗಿಸುತ್ತೆ. ಉರಿ ಜಾಸ್ತಿ ಮಾಡಿದಾಗ ಬೇಗ ನಿಲ್ಲೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಬಿಸಿ ಟೋಪಿ (ದೀಪದ ಉರಿ ತಾಗೋ ಮುಚ್ಚಳ) ಯಾವ ಲೋಹದ್ದು ಅಂತ ನೀವು ಬರೆದೇ ಇಲ್ಲ, ಅದೂ ಅಲ್ಯೂಮಿನಿಯಂ ಆಗಿದ್ರೆ ಬದಲಾಯಿಸಿ. ತೆಳು ಗೋಡೆಯ ಸ್ಟೇನ್‌ಲೆಸ್ ಸ್ಟೀಲ್ ಅದರ ಹತ್ತನೇ ಒಂದು ಭಾಗದಷ್ಟೂ ಬಿಸಿ ಸಾಗಿಸಲ್ಲ. ಬಿಸಿ ಭಾಗ ತಂಪು ಭಾಗ ಕೂಡೋ ಫ್ಲೇಂಜ್ ಮಧ್ಯೆ ಬಿಸಿ ತಡೆಯೋ ಗ್ಯಾಸ್ಕೆಟ್ ಇರಲಿ, ಡಿಸ್‌ಪ್ಲೇಸರ್ ಟೊಳ್ಳಾಗಿರಲಿ, ಜ್ವಾಲೆ ತುದಿಗೆ ಮಾತ್ರ ತಾಗಲಿ, ಪಕ್ಕಕ್ಕೆಲ್ಲ ಹತ್ಕೊಂಡು ಬರೋದು ಬೇಡ.

ಎರಡೂ ಕಾಯಿಲೆ ಒಟ್ಟಿಗೇ ಇರೋದೂ ಉಂಟು. ಆಗ ಮೊದಲು ತಂಪಿನ ಕಡೆ ಸರಿಮಾಡಿ, ಪಿಸ್ಟನ್ ಹಿಡಿಯೋದು ತಾನಾಗೇ ಕಮ್ಮಿ ಆಗ್ಬಹುದು.

ಪ್ರಶ್ನೆ: ರೀಜನರೇಟರ್ ಬೇಕೇ ಬೇಕು ಅಂತಾರೆ. ಡಿಸ್‌ಪ್ಲೇಸರ್ ಸುತ್ತ ಸ್ಟೀಲ್ ವುಲ್ ತುಂಬ್ಲಾ?

ಉತ್ತರ: ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ತಗೊಂಡ ಪೇಟೆಂಟ್‌ನ ಜೀವಾಳವೇ ಅದು, ಬಿಸಿ ಉಳಿಸಿ ಮತ್ತೆ ಬಳಸೋದು. (ಆ ಮನುಷ್ಯ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ!) ಆದ್ರೆ ಅಂಗೈ ಗಾತ್ರದ ಎಂಜಿನ್‌ನಲ್ಲಿ ಡಿಸ್‌ಪ್ಲೇಸರ್ ಸುತ್ತಲಿನ ಕಿರಿದಾದ ಸಂದಿನ ಗೋಡೆಗಳೇ ಆ ಕೆಲಸ ಒಂದಿಷ್ಟು ಮಾಡ್ತವೆ. ವುಲ್ ತುರುಕಿದ್ರೆ ಗಾಳಿ ಓಡಾಟಕ್ಕೆ ಅಡ್ಡಿ, ಎಳೆ ಕಿತ್ತು ಬಂದು ಪಿಸ್ಟನ್‌ಗೆ ಸಿಕ್ಕಿದ್ರೆ ಬೋರ್ ಗೀರು. ಮೊದಲು ಹಾಗೇ ಓಡಿಸಿ.

ಪ್ರಶ್ನೆ: ನನ್ನ ಎಂಜಿನ್ ಒಂದೇ ದಿಕ್ಕಲ್ಲಿ ಓಡುತ್ತೆ, ಇನ್ನೊಂದು ಕಡೆ ತಳ್ಳಿದ್ರೆ ವಾಪಸ್ ಬರುತ್ತೆ.

ಉತ್ತರ: ದೋಷ ಏನಿಲ್ಲ. ಡಿಸ್‌ಪ್ಲೇಸರ್ ಪಿಸ್ಟನ್‌ಗಿಂತ ಸುಮಾರು 90 ಡಿಗ್ರಿ, ಅಂದ್ರೆ ಕಾಲು ಸುತ್ತು, ಮುಂದಿರ್ಬೇಕು, ಯಾವ ಕಡೆ ತಿರುಗಿದ್ರೆ ಹಾಗಿರುತ್ತೋ ಆ ಕಡೆಗೇ ಓಡುತ್ತೆ. ಉಲ್ಟಾ ಓಡ್ಬೇಕಾದ್ರೆ ಡಿಸ್‌ಪ್ಲೇಸರ್ ಕ್ರ್ಯಾಂಕ್ ಸಡಿಲಿಸಿ 180 ಡಿಗ್ರಿ ತಿರುಗಿಸಿ ಬಿಗಿಮಾಡಿ.