ದಿನಾ ಒರೆಸುವ ಕಪ್ಪು ಕಾರಿನ ಮೇಲೆ ಜೇಡರ ಬಲೆಯಂಥ ಗೆರೆಗಳು ಯಾಕೆ? ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಹೋಗುತ್ತವಾ?

ನಿಮ್ಮ ಪ್ರಶ್ನೆ ಇಷ್ಟು: ಕಪ್ಪು ಕಾರು ಕೊಂಡು ಎಂಟು ತಿಂಗಳಾಗಿದೆ. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸುತ್ತೀರಿ. ಆದರೂ ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ ಮೇಲೆ ಜೇಡರ ಬಲೆಯ ಹಾಗೆ ಗೆರೆಗಳು ಕಾಣುತ್ತವೆ. ಸೆರಾಮಿಕ್ (ಪೇಂಟಿನ ಮೇಲೆ ದ್ರವವಾಗಿ ಹಚ್ಚಿ, ಗಟ್ಟಿಯಾಗಿ ಕೂರುವ ತೆಳು ಪದರ) ಮಾಡಿಸಲಾ, ವ್ಯಾಕ್ಸ್ ಸಾಕಾ, ಕವರ್ ಹಾಕಲಾ ಅಂತ ಕೇಳಿದ್ದೀರಿ.

ಆ ‘ಆದರೂ’ ಇದೆಯಲ್ಲ, ಅದನ್ನು ಅಳಿಸಿ ‘ಅದಕ್ಕೇ’ ಅಂತ ಬರೆದುಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಬೇಜಾರಾಗಬೇಡಿ, ನನ್ನ ಮೊದಲ ಕಾರಿಗೆ ನಾನೂ ಮೂರು ವರ್ಷ ಇದೇ ಸೇವೆ ಮಾಡಿದವನು. ಒರೆಸಿದ ಮೇಲೆ ಕಾರು ಫಳಫಳ ಹೊಳೆಯುತ್ತದೆ, ಮನಸ್ಸಿಗೆ ಹಿತ. ಆದರೆ ಧೂಳು ಅಂದರೆ ಬರೀ ಮೆತ್ತಗಿನ ಮಣ್ಣಲ್ಲ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳಿನ ಹರಳುಗಳಿರುತ್ತವೆ. ಮರಳಿನ ಕ್ವಾರ್ಟ್ಜ್ ಗಾಜನ್ನೇ ಗೀಚುತ್ತದೆ, ಇನ್ನು ಪೇಂಟ್ ಯಾವ ಲೆಕ್ಕ? ಒಣ ಧೂಳಿನ ಮೇಲೆ ಒಣ ಬಟ್ಟೆ ಎಳೆದರೆ ಆ ಬಟ್ಟೆ ಸ್ಯಾಂಡ್ ಪೇಪರ್ ಕೆಲಸ ಮಾಡುತ್ತದೆ. ದಿನಕ್ಕೊಂದು ಸಲದಂತೆ ಎಂಟು ತಿಂಗಳು ಲೆಕ್ಕ ಹಾಕಿ.

ಒಂದು ತಮಾಷೆ ಗೊತ್ತಾ? ಆ ಗೆರೆಗಳು ನಿಜವಾಗಿ ಸುತ್ತು ಸುತ್ತಾಗಿ ಇರುವುದಿಲ್ಲ. ಅಡ್ಡಾದಿಡ್ಡಿ ಎಲ್ಲ ಕಡೆಗೂ ಇರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ಸೂರ್ಯನ ಪ್ರತಿಬಿಂಬದ ಸುತ್ತ ಬಲೆ ಹೆಣೆದ ಹಾಗೆ ಕಾಣುತ್ತದೆ. ನೀವು ತಲೆ ಆಚೀಚೆ ಮಾಡಿ ನೋಡಿ, ಬಲೆಯೂ ನಿಮ್ಮ ಜೊತೆ ಸರಿಯುತ್ತದೆ. ಬಿಳಿ ಕಾರಿನ ಮೇಲೂ ಇಷ್ಟೇ ಗೆರೆ ಇರುತ್ತವೆ. ಕಪ್ಪು ಕಾರು ಏನನ್ನೂ ಮುಚ್ಚಿಡುವುದಿಲ್ಲ, ಅಷ್ಟೇ.

ಈ ಗೆರೆಗಳು ಎಲ್ಲಿವೆ ಅನ್ನುವುದು ಮುಖ್ಯ. ಕಾರ್ಖಾನೆಯಲ್ಲಿ ತಗಡಿನ ಬಾಡಿಯನ್ನು ಮೊದಲು ವಿದ್ಯುತ್ ಹರಿಸಿದ ಪೇಂಟಿನ ತೊಟ್ಟಿಯಲ್ಲಿ ಮುಳುಗಿಸಿ ಎತ್ತುತ್ತಾರೆ. ತುಕ್ಕು ತಡೆಯುವುದು ಆ ಪದರದ ಕೆಲಸ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್ ಪಾಲು 35ರಿಂದ 50 ಮೈಕ್ರಾನ್. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ನಿಮ್ಮ ಗೆರೆಗಳೆಲ್ಲ ಈ ಕ್ಲಿಯರ್ ಕೋಟ್‌ನ ಮೇಲ್ಭಾಗದಲ್ಲಿವೆ. ಕೆಳಗಿನ ಕಪ್ಪು ಬಣ್ಣಕ್ಕೆ ಏನೂ ಆಗಿಲ್ಲ. ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ನಲ್ಲಿ ಹೋಗುವ ಗೆರೆ ಅದು.

ಹೋಗುತ್ತದೆ, ಸರಿ. ಆದರೆ ಹೇಗೆ? ಪಾಲಿಶ್ ಗೆರೆಯನ್ನು ತುಂಬುವುದಿಲ್ಲ. ಗೆರೆಯ ಸುತ್ತಲಿನ ಕ್ಲಿಯರ್ ಕೋಟನ್ನು ಗೆರೆಯ ಮಟ್ಟಕ್ಕೆ ಸವೆಸುತ್ತದೆ. ಕ್ಲಿಯರ್ ಕೋಟ್ ನಿಮ್ಮ ಇಡಿಗಂಟು ಅಂದುಕೊಳ್ಳಿ. ಪ್ರತಿ ಪಾಲಿಶ್ ಆ ಗಂಟಿನಿಂದಲೇ ತೆಗೆಯುವ ಖರ್ಚು, ವಾಪಸ್ ಜಮಾ ಆಗುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ರಾಸಾಯನಿಕವೂ ಅದರಲ್ಲೇ ಇರುತ್ತದೆ. ಜಾಸ್ತಿ ಸವೆದರೆ ಕೆಲವು ವರ್ಷಗಳಲ್ಲಿ ರೂಫ್ ಮತ್ತು ಬಾನೆಟ್ ಮೇಲೆ ಬಿಳಿಚಿಕೊಂಡು, ಹಾವಿನ ಪೊರೆಯ ಹಾಗೆ ಎದ್ದು ಬರಬಹುದು. ಆಮೇಲೆ ಮತ್ತೆ ಪೇಂಟ್ ಹೊಡೆಸುವುದು ಬಿಟ್ಟು ದಾರಿಯಿಲ್ಲ.

ಈ ಪಾಠ ನನಗೆ ದುಬಾರಿಯಾಯಿತು. ಗೆರೆ ಕಂಡಾಗಲೆಲ್ಲ ಒಂದು ಅಂಗಡಿಗೆ ಹೋಗಿ ‘ರಬ್ಬಿಂಗ್’ ಮಾಡಿಸುತ್ತಿದ್ದೆ. ಅವರು ಜೋರಾಗಿ ತಿರುಗುವ ರೋಟರಿ ಯಂತ್ರ ಹಿಡಿದು ಹತ್ತು ನಿಮಿಷದಲ್ಲಿ ಬಾನೆಟ್ ಮುಗಿಸುತ್ತಿದ್ದರು. ಅಂಗಡಿಯ ನೆರಳಿನಲ್ಲಿ ಕನ್ನಡಿ, ಬಿಸಿಲಿಗೆ ಬಂದರೆ ಬಿಲ್ಲಿನಾಕಾರದ ಮಸುಕು ಪಟ್ಟೆಗಳು. ಅದನ್ನು ಹಾಲೋಗ್ರಾಮ್ ಅನ್ನುತ್ತಾರೆ. ಅದನ್ನು ತೆಗೆಯಲು ನಾನೇ ಒಂದು ಯಂತ್ರ ತಂದು ಬಾಗಿಲ ಅಂಚಿನ ಮೇಲೆ ಜಾಸ್ತಿ ಹೊತ್ತು ನಿಂತೆ. ಯಂತ್ರದ ಪ್ಯಾಡಿಗೆ ಕಾರಿನ ಬಣ್ಣ ಅಂಟಿದಾಗಲೇ ಗೊತ್ತಾಗಿದ್ದು, ಅಲ್ಲಿ ಕ್ಲಿಯರ್ ಕೋಟ್ ಪೂರ್ತಿ ಮುಗಿದಿದೆ ಅಂತ. ಅಂಚುಗಳಲ್ಲಿ ಪೇಂಟ್ ಮೊದಲೇ ತೆಳ್ಳಗೆ. ಈಗ ಪಾಲಿಶ್ ಮಾಡುವಾಗ ಅಲ್ಲಿ ಟೇಪ್ ಅಂಟಿಸಿಕೊಳ್ಳುತ್ತೇನೆ.

ಹಾಗಾಗಿ ಮೊದಲು ತೊಳೆಯುವ ಅಭ್ಯಾಸ ಬದಲಾಯಿಸಿ, ಆಮೇಲೆ ಪಾಲಿಶ್. ಉಲ್ಟಾ ಮಾಡಿದರೆ ಎರಡು ತಿಂಗಳಲ್ಲಿ ಮತ್ತೆ ಅದೇ ಬಲೆ.

ದಿನದ ಒರೆಸಾಟ ಇವತ್ತಿಗೇ ನಿಲ್ಲಿಸಿ. ಧೂಳು ಕೂತರೆ ಕೂರಲಿ, ಗಾಜು ಮತ್ತು ದೀಪಗಳನ್ನಷ್ಟೇ ಒದ್ದೆ ಮಾಡಿ ಒರೆಸಿಕೊಳ್ಳಿ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸರಿಯಾಗಿ ತೊಳೆದರೆ ಸಾಕು. ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ. ಮೊದಲು ಬರೀ ನೀರು ಹೊಡೆದು ಧೂಳಿನ ದೊಡ್ಡ ಪಾಲನ್ನು ಮುಟ್ಟದೆಯೇ ಇಳಿಸಿ. ಎಷ್ಟು ಧೂಳು ನೀರಿನಲ್ಲೇ ಹೋಯಿತೋ ಅಷ್ಟು ಗೆರೆ ತಪ್ಪಿದಂತೆ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗವಸನ್ನು ಶಾಂಪೂವಿನಲ್ಲಿ ಅದ್ದಿ, ರೂಫ್‌ನಿಂದ ಶುರು ಮಾಡಿ, ಒಂದು ಭಾಗ ಮುಗಿದ ತಕ್ಷಣ ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ, ಮತ್ತೆ ಶಾಂಪೂ. ಆ ಎರಡನೇ ಬಕೆಟ್‌ನ ತಳ ಒಮ್ಮೆ ನೋಡಿ, ಮರಳು ಕೂತಿರುತ್ತದೆ. ಒಂದೇ ಬಕೆಟ್ ಆಗಿದ್ದರೆ ಅಷ್ಟೂ ವಾಪಸ್ ಕಾರಿನ ಮೇಲೆಯೇ. ಚಕ್ರಕ್ಕೆ ಬೇರೆಯೇ ಬಟ್ಟೆ ಇರಲಿ. ಬ್ರೇಕ್‌ನ ಕಬ್ಬಿಣದ ಪುಡಿ ಅಲ್ಲಿರುತ್ತದೆ.

ಪಾತ್ರೆ ತೊಳೆಯುವ ಸೋಪು ಬೇಡ, ಹಚ್ಚಿದ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ. ಬ್ರಷ್ ತಿರುಗುವ ಆಟೊಮ್ಯಾಟಿಕ್ ವಾಷ್‌ಗೂ ಬೇಡ. ನಿಮಗಿಂತ ಮುಂಚೆ ಬಂದ ಕಾರಿನ ಕೆಸರು ಆ ಬ್ರಷ್‌ನಲ್ಲಿರಬಹುದು. ನೀರು ತನ್ನಷ್ಟಕ್ಕೆ ಒಣಗಲು ಬಿಡಬೇಡಿ. ಗಡಸು ನೀರಾದರೆ ಸುಣ್ಣದಂಶ ಬಿಳಿ ಕಲೆಯಾಗಿ ಕೂರುತ್ತದೆ. ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ, ಒತ್ತಿ ಎತ್ತಿ. ಟವೆಲ್ ನೆಲಕ್ಕೆ ಬಿತ್ತಾ? ಅವತ್ತಿಗೆ ಅದು ಕಾರಿಗೆ ಮುಟ್ಟಬಾರದು. ಈ ವಿಷಯದಲ್ಲಿ ಮನೆಯವರು ನನ್ನನ್ನು ಮಡಿವಂತ ಅಂತ ನಗುತ್ತಾರೆ, ನಗಲಿ.

ಹಕ್ಕಿ ಹಿಕ್ಕೆಗೆ ಮಾತ್ರ ವಾರದ ಲೆಕ್ಕ ಇಲ್ಲ, ಕಂಡ ತಕ್ಷಣ ತೆಗೆಯಬೇಕು. ಅದು ಆಮ್ಲೀಯ, ಅದರ ಜೊತೆ ಬಿಸಿಲು ಸೇರಿದರೆ ಕೆಲಸ ಕೆಟ್ಟಿತು. ಕಾದ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ಮೇಲೆ ಹಿಕ್ಕೆ ಗಟ್ಟಿಯಾಗುತ್ತದೆ. ಸಂಜೆ ತಣ್ಣಗಾದಾಗ ಪೇಂಟ್ ಅದರ ಆಕಾರಕ್ಕೇ ಕುಗ್ಗಿ, ಅಚ್ಚು ಒತ್ತಿದ ಹಾಗೆ ಗುರುತು ಉಳಿಯುತ್ತದೆ. ಒಣಗಿದ್ದನ್ನು ಕೆರೆಯಬೇಡಿ, ಅದರಲ್ಲಿ ಕಾಳು, ಮರಳು ಎಲ್ಲ ಇರುತ್ತದೆ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿಬಿಡಿ, ನೆನೆದ ಮೇಲೆ ಮೆಲ್ಲಗೆ ಎತ್ತಿ. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಬಟ್ಟೆ ಯಾವಾಗಲೂ ಇರಲಿ. ಮರದ ಅಂಟು, ಮುಂದಿನ ಬಂಪರ್‌ಗೆ ಅಂಟಿದ ಹುಳಗಳಿಗೂ ಇದೇ ಆತುರ ಬೇಕು.

ಈಗ ಸೆರಾಮಿಕ್. ಅದು ಗೆರೆ ತೆಗೆಯುವುದಿಲ್ಲ. ಪಾಲಿಶ್ ಮಾಡದೆ ಹಚ್ಚಿದರೆ ಗೆರೆಗಳ ಮೇಲೆ ಹೊಳೆಯುವ ಮುಚ್ಚಳ ಹಾಕಿದ ಹಾಗೆ, ತೆಗೆಯಬೇಕಾದರೆ ಆ ಮುಚ್ಚಳವನ್ನೂ ಸವೆಸಬೇಕು. ‘9ಎಚ್ ಗಡಸುತನ’ ಅನ್ನುವ ಮಾತಿಗೆ ಮರುಳಾಗಬೇಡಿ. ಅದು ಪೆನ್ಸಿಲ್ ಮೊನೆಯಿಂದ ಗೀಚಿ ನೋಡುವ ಅಳತೆ, ವಜ್ರಕ್ಕೆ 10 ಅನ್ನುವ, ಖನಿಜಗಳ ಗಡಸುತನದ ಮೋಸ್ (Mohs) ಅಳತೆಯಲ್ಲ. ಕೀಲಿ ಗೀರು, ಹಾರಿ ಬಂದ ಕಲ್ಲು, ಯಾವುದನ್ನೂ ತಡೆಯುವುದಿಲ್ಲ. ಅದರ ನಿಜವಾದ ಉಪಕಾರ ಬೇರೆ: ಕೊಳೆ ಗಟ್ಟಿಯಾಗಿ ಹಿಡಿಯುವುದಿಲ್ಲ, ನೀರಿನಲ್ಲೇ ಜಾಸ್ತಿ ಪಾಲು ಹೋಗುತ್ತದೆ, ಉಜ್ಜುವುದು ಕಡಿಮೆಯಾಗುತ್ತದೆ. ಒಳ್ಳೆಯದಾದರೆ ಎರಡು ಮೂರು ವರ್ಷ ಬರುತ್ತದೆ.

ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಕಪ್ಪು ಬಣ್ಣದ ಮೇಲೆ ಅದರ ಆಳವಾದ ಹೊಳಪು ನನಗೆ ತುಂಬಾ ಇಷ್ಟ, ಆದರೆ ಕೆಲವೇ ವಾರ ನಿಲ್ಲುತ್ತದೆ. ಸಿಂಥೆಟಿಕ್ ಸೀಲೆಂಟ್, ಅಂದರೆ ವ್ಯಾಕ್ಸ್‌ನ ಹಾಗೇ ಹಚ್ಚುವ ಕೃತಕ ಲೇಪ, ಕೆಲವು ತಿಂಗಳು. ಕಲ್ಲಿನ ಏಟೇ ನಿಮ್ಮ ಚಿಂತೆಯಾದರೆ, ಅಂದರೆ ಹೆದ್ದಾರಿ ಓಡಾಟ ಜಾಸ್ತಿ ಇದ್ದರೆ, ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಒಂದೇ ದಾರಿ. ಅದು ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ನಿಮ್ಮ ಇಡೀ ಪೇಂಟಿಗಿಂತ ದಪ್ಪ. ಮುಂದಿನ ಬಂಪರ್, ಬಾನೆಟ್‌ಗೆ ಅಂಟಿಸಿದರೂ ಸಾಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ತಿಂಗಳು ಹೊಸ ರೀತಿ ತೊಳೆಯುತ್ತೇನೆ. ಕೈ ಕೂತ ಮೇಲೆ ಒಮ್ಮೆ ಪಾಲಿಶ್ ಮಾಡಿಸುತ್ತೇನೆ. ರೋಟರಿ ಅಲ್ಲ, ಡ್ಯುಯಲ್ ಆಕ್ಷನ್ ಯಂತ್ರ (ಪ್ಯಾಡ್ ತಿರುಗುತ್ತಲೇ ಆಚೀಚೆ ಅಲುಗುವಂಥದ್ದು) ಬಳಸುವವರ ಹತ್ತಿರ, ಅದೂ ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟುಕೊಂಡಿರುವವರ ಹತ್ತಿರ. ಕಾರನ್ನು ಬಿಸಿಲಿಗೆ ತಂದು ನೋಡಿದ ಮೇಲೆಯೇ ದುಡ್ಡು. ಆಮೇಲೆ ಸೀಲೆಂಟ್. ವರ್ಷಕ್ಕೆ ಕೆಲವು ಸಲ ಅದನ್ನು ಹಚ್ಚಲು ಸೋಮಾರಿತನ ಅನ್ನಿಸಿದರೆ ಮಾತ್ರ ಸೆರಾಮಿಕ್.

ಕವರ್ ಬಗ್ಗೆ ಕೇಳಿದ್ದೀರಿ. ತೊಳೆದು ಒಣಗಿಸಿದ ಕಾರಿಗೆ, ಗಾಳಿಯಿಲ್ಲದ ಜಾಗದಲ್ಲಿ, ಒಳಬದಿ ಮೆತ್ತಗಿರುವ ಕವರ್ ಆದರೆ ಸರಿ. ಧೂಳು ಕೂತ ಕಾರಿಗೆ ಕವರ್ ಹಾಕಿ ಬಯಲಲ್ಲಿ ನಿಲ್ಲಿಸಿದರೆ, ಗಾಳಿ ಬೀಸಿದಾಗಲೆಲ್ಲ ಅದು ನಿಮ್ಮ ಬದಲು ಇಡೀ ದಿನ ಒರೆಸುತ್ತಲೇ ಇರುತ್ತದೆ.